ಆಳದ ಹವಳ ಮೇಲೇರದು ಎಂದವರು

ಬೇಸಿಗೆಯ ಬಿಸಿನೀರಿಗೆ ಬೆಂದು ದಡದ ಹತ್ತಿರದ ಹವಳ ಸತ್ತುಹೋದರೆ, ತಂಪಾದ ಆಳದಲ್ಲಿ ಬದುಕುಳಿದ ಅದೇ ಜಾತಿಯ ಹವಳ ತನ್ನ ಮರಿಗಳನ್ನು ಮೇಲಕ್ಕೆ ಕಳಿಸಿ ಆ ಖಾಲಿ ಜಾಗವನ್ನು ತುಂಬೀತೇ? ಈ ಪ್ರಶ್ನೆಯನ್ನು ನಮ್ಮ ಓಕಿನಾವಾ ದ್ವೀಪಗಳಲ್ಲಿ ಮೊದಲು ಗಟ್ಟಿಯಾಗಿ ಕೇಳಿದವರು, ಅದಕ್ಕೆ ಉತ್ತರ ಹುಡುಕಲೆಂದು ಆಳದ ಹವಳದ ಮತ್ತು ಮೇಲಿನ ಹವಳದ ವಂಶವಾಹಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು, ಇದೇ ಮಾರ್ಚ್ ತಿಂಗಳಲ್ಲಿ ಸೇವೆಯಿಂದ ನಿವೃತ್ತರಾದ ಡಾ. ಕಾಬಿರಾ ಶಿಜುಯೊ ಅವರು. ಒಪ್ಪಿಯೋ ಒಪ್ಪದೆಯೋ ಈ ವಿಷಯದಲ್ಲಿ ಬಾಯಿ ತೆರೆಯುವ ಯಾರೂ ಅವರ ಹೆಸರನ್ನು ದಾಟಿ ಹೋಗುವಂತಿಲ್ಲ. ಅವರು ಈ ಪ್ರಶ್ನೆಗೆ ಎರಡು ಸಲ ಉತ್ತರ ಕೊಟ್ಟರು. ಮೊದಲ ಉತ್ತರ ಅವರಿಗೆ ಹೆಸರು ತಂದಿತು. ಎರಡನೆಯದು ಅವರನ್ನು ಪಂಪುಮನೆಯ ಪಕ್ಕದ ಕಿಟಕಿಯಿಲ್ಲದ ಕೋಣೆಗೆ ತಂದು ಕೂರಿಸಿತು. ಅಲ್ಲಿಂದಲೇ ಅವರು ಸಹ ಪ್ರಾಧ್ಯಾಪಕಿಯಾಗಿಯೇ ನಿವೃತ್ತರಾದರು.

ಇಂಥವರನ್ನು ಕುರಿತು ಬರೆಯಲು ನಾನು ಯಾರು ಎಂದು ಓದುಗರು ಕೇಳಬಹುದು. ನಾನು ಇಶಿಮಿನೆ ಮೊರಿಯೊ, ಅವರು ದುಡಿದ ಕಡಲ ಸಂಶೋಧನಾ ಕೇಂದ್ರದ ದೋಣಿ ನಡೆಸುತ್ತಿದ್ದವನು. ಶಾಲೆಯನ್ನು ಅರ್ಧಕ್ಕೇ ಬಿಟ್ಟವನು. ಅಕ್ಷರವೆಂದು ಏನಾದರೂ ಕಲಿತಿದ್ದರೆ ಅದು ಈ ಅಮ್ಮನವರು ಗಾಜಿನ ಸೀಸೆಗಳ ಮೇಲೆ ಅಂಟಿಸುತ್ತಿದ್ದ ಚೀಟಿಗಳನ್ನು ಓದಿ ಓದಿ. ಈ ಅಭಿನಂದನ ಸಂಪುಟದ ಸಂಪಾದಕ ಮಂಡಳಿಯ ಯುವಕರು ಫೋನು ಮಾಡಿ, "ಮೊರಿಯೊ ಸಾನ್, ಸಿಹಿ ನೆನಪುಗಳನ್ನ ಬರೆದುಕೊಡಿ, ಸಮಾರಂಭಕ್ಕೆ ತಕ್ಕ ಹಾಗೆ ಇರಲಿ" ಎಂದರು. ಸಿಹಿ ಇದೆ, ಕೊಡುತ್ತೇನೆ. ಆದರೆ ಹಾಗಲಕಾಯಿ ತಿಂದೇ ಬೆಳೆದ ದ್ವೀಪದವರು ನಾವು, ಕಹಿಗೆ ಮುಖ ಸಿಂಡರಿಸುವುದು ನಮಗೆ ಶೋಭಿಸುವುದಿಲ್ಲ.

ಕಾಬಿರಾ ಸೆನ್ಸೇ, ಎಂದರೆ ನಮ್ಮ ಗುರುಗಳು, ಕೇಂದ್ರಕ್ಕೆ ಬಂದಾಗ ಅವರಿಗೆ ಇಪ್ಪತ್ತೇಳು ತುಂಬಿರಲಿಲ್ಲ. ತೆಂಕಣ ಯಾಎಯಾಮಾ ದ್ವೀಪದಲ್ಲಿ ಹುಟ್ಟಿದವರು, ಸಮುದ್ರ ನೋಡಿಕೊಂಡೇ ಬೆಳೆದವರು, ಸಮುದ್ರದ ಜೀವಿಗಳನ್ನೇ ಓದಿದವರು. ಆದರೆ ದೋಣಿ ಹತ್ತಿದ ಕೂಡಲೇ ಹೊಟ್ಟೆ ತೊಳಸಿ ವಾಂತಿ. ಮೊದಲ ದಿನ ನಾನು ಬಕೆಟ್ಟು ಹಿಡಿದು ನಿಂತು, "ಸೆನ್ಸೇ, ನಿಮ್ಮಂಥೋರಿಗೆ ಗುಡ್ಡದ ಮೇಲಿನ ಹೂವಿನ ಶಾಸ್ತ್ರ ಓದಬೇಕು ಅನ್ನಿಸಲಿಲ್ವಾ?" ಎಂದು ಕೇಳಿದ್ದೆ.

"ಅನ್ನಿಸಿತ್ತು. ಆದ್ರೆ ಬಸ್ಸಲ್ಲೂ ವಾಂತಿ ಆಗುತ್ತೆ ನಂಗೆ," ಎಂದರು, ಬಕೆಟ್ಟಿನೊಳಗಿಂದಲೇ.

ನೀರಿಗೆ ಇಳಿದ ಮೇಲೆ ಮಾತ್ರ ಅವರು ಬೇರೆಯೇ ಮನುಷ್ಯ. ಆಗಿನ ಕಾಲದಲ್ಲಿ ಎಲ್ಲರೂ ಬೆಳಕು ಚೆನ್ನಾಗಿರುವ ಮೇಲುನೀರಿನಲ್ಲೇ ತಿರುಗಾಡಿ ಬರುತ್ತಿದ್ದರು. ಇವರೊಬ್ಬರು ಉಫುಗುಚಿ ಕೊಲ್ಲಿಯ ಅಂಚಿನ ಬಂಡೆ ಇಳಿಜಾರನ್ನು ಹಿಡಿದು, ಬಣ್ಣವೆಲ್ಲ ಅಳಿದು ನೀಲಿಯೊಂದೇ ಉಳಿಯುವ ಆಳಕ್ಕೆ ಇಳಿಯುವರು. ಅಲ್ಲಿಂದ ಒಂದು ಬೆರಳುದ್ದ ಮುಳ್ಳುಹವಳ ಮುರಿದು ತಂದು, ಮೇಲಿನ ಮುಳ್ಳುಹವಳದ ಪಕ್ಕದಲ್ಲಿಟ್ಟು, ನನ್ನನ್ನು ಕರೆದು ಕೇಳುವರು: "ಅಣ್ಣ, ಇವೆರಡೂ ಒಂದೇ ಮನೇವು ಅನ್ಸುತ್ತಾ ನಿಮಗೆ?" ನನಗೆ ಒಂದೇ ಥರ ಕಾಣುತ್ತಿದ್ದವು. ಹಾಗೆಂದರೆ ಅವರು ನಗುವರು. "ನಿಮ್ಮೂರಿನ ಇಶಿಮಿನೆಗಳೂ ಒಂದೇ ಥರ ಕಾಣ್ತಾರೆ. ಆದ್ರೆ ಮೇಲ್ಕೇರಿಯೋರು ಕೆಳಕೇರಿಗೆ ಹೆಣ್ಣು ಕೊಟ್ಟಿದ್ದಾರಾ? ಹವಳದಲ್ಲೂ ಅದನ್ನೇ ನೋಡಬೇಕು. ಕೊಡೋದು ತಗೊಳ್ಳೋದು ಇದೆಯೋ ಇಲ್ಲವೋ ಅಂತ." ಈ ಶಾಸ್ತ್ರವನ್ನು ನನಗೆ ಇದಕ್ಕಿಂತ ಚೆನ್ನಾಗಿ ಇಂದಿನವರೆಗೂ ಯಾರೂ ಹೇಳಿಕೊಟ್ಟಿಲ್ಲ.

ಅವರ ಉಪಕಾರಗಳನ್ನು ನೆನೆಯಹೊರಟರೆ ಈ ಸಂಪುಟ ಸಾಲದು. ನನ್ನ ಹೆಂಡತಿ ತೀರಿಕೊಂಡ ವರ್ಷ, ಏಪ್ರಿಲ್‌ನಲ್ಲಿ ಸಮಾಧಿ ತೊಳೆದು ಅದರ ಮುಂದೆ ಮನೆಮಂದಿಯೆಲ್ಲ ಕೂತು ಉಣ್ಣುವ ಶೀಮಿ ಹಬ್ಬಕ್ಕೆ ನನಗೆ ಯಾರೂ ಇರಲಿಲ್ಲ. ಇದ್ದೊಬ್ಬ ಮಗಳು ಒಸಾಕಾದಲ್ಲಿ. ಸೆನ್ಸೇ ಯಾರಿಗೂ ಹೇಳದೆ, ತಾವೇ ಬೇಯಿಸಿದ ಹಂದಿಮಾಂಸವನ್ನೂ ಕಡಲಪಾಚಿಯ ಗಂಟುಗಳನ್ನೂ ಡಬ್ಬಿಗೆ ತುಂಬಿಕೊಂಡು ಬಂದು ನಮ್ಮ ಸಮಾಧಿಯ ಮುಂದೆ ಚಾಪೆ ಹಾಸಿದರು. ಮಾಂಸ ಬೆಂದಿರಲಿಲ್ಲ. ಅದನ್ನೇ ಇಬ್ಬರೂ ಜಗಿದೆವು. "ನಿಮ್ಮ ಮನೆಯವರು ಒಳಗೆ ನಗ್ತಾ ಇರಬೇಕು," ಎಂದರು. ಅಂದಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಮಾಂಸ ಈಗಲೂ ಬೇಯುವುದಿಲ್ಲ.

೧೯೯೮ರ ಬೇಸಿಗೆಯ ಬಗ್ಗೆ ನಮ್ಮವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಉಫುಗುಚಿಯ ಮೇಲುನೀರು ಸುಡುನೀರಾಯಿತು. ಹವಳವೆಲ್ಲ ಮೊದಲು ಬಿಳಿಚಿತು, ಆಮೇಲೆ ಪಾಚಿ ಹತ್ತಿ ಕಂದುಬಣ್ಣಕ್ಕೆ ತಿರುಗಿತು. ಇಳಿಜಾರಿನ ಆಳದಲ್ಲಿ ಮಾತ್ರ ಮುಳ್ಳುಹವಳ ಜೀವಂತವಾಗಿತ್ತು. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಮೇಲೂ ಅಲ್ಲಲ್ಲಿ, ಬಂಡೆಯ ನೆರಳಿನಲ್ಲಿ, ಹೊಸ ಮುಳ್ಳುಹವಳ ಕಾಣಿಸಿಕೊಂಡಿತು. ಎಲ್ಲಿಂದ ಬಂತು ಇದು? ಇದೇ ಸೆನ್ಸೇಯವರನ್ನು ಹಿಡಿದ ಪ್ರಶ್ನೆ.

ಮೀನುಗಾರರ ಸಂಘದ ಯಜಮಾನ ತಮಾಶಿರೊ ಕೊಟೊಕು ಅಜ್ಜನೇ ತನ್ನ ದೋಣಿಯಲ್ಲಿ ಮುಂದೆ ನಡೆದು ಜಾಗ ತೋರಿಸಿದ. ಅತಿಥಿಗೆ ಮನೆಯ ಒಳ್ಳೆಯ ಚಾಪೆಯನ್ನೇ ಹಾಸುವ ಜನ ನಾವು. "ಸತ್ತ ಹವಳ ನೋಡೋಕೆ ಇಷ್ಟು ಓದಬೇಕಾ ಸೆನ್ಸೇ? ಬನ್ನಿ, ಸೊಂಪಾಗಿರೋದು ಎಲ್ಲಿದೆ ಅಂತ ನಂಗೊತ್ತು," ಎಂದು ಒಂದೊಂದೇ ಬಂಡೆಗೆ ಕರೆದೊಯ್ದ. ಸೆನ್ಸೇ ಆ ಸೊಂಪಾದ ಹವಳಗಳಿಂದಲೇ ಚೂರು ತೆಗೆದುಕೊಂಡರು. ಇಳಿಜಾರಿನ ಆಳದಿಂದಲೂ ತೆಗೆದರು. ಎರಡು ವರ್ಷದ ಕೆಲಸ. ಮೇಲಿನದೂ ಕೆಳಗಿನದೂ ಒಂದೇ ಮನೆತನ ಎಂದು ಉತ್ತರ ಬಂತು. ಮೇಲಿನ ಮನೆ ಖಾಲಿಯಾದಾಗ ಕೆಳಗಿನ ಮನೆಯವರು ಬಂದು ತುಂಬಿದ್ದಾರೆ! ಆ ಲೇಖನದಲ್ಲಿ ಕೊನೆಯ ಹೆಸರು ನನ್ನದು. ದೋಣಿಯವನ ಹೆಸರು ಯಾಕೆ ಎಂದು ಯಾರೋ ಕೇಳಿದಾಗ ಸೆನ್ಸೇ, "ಅವರಿಲ್ಲದಿದ್ರೆ ನಾನು ಅಲ್ಲಿಗೆ ಈಜಿಕೊಂಡು ಹೋಗಬೇಕಿತ್ತು" ಎಂದರಂತೆ.

ಲೇಖನ ಲೋಕವೆಲ್ಲ ಓಡಾಡಿತು. ಆಳದ ಹವಳವೇ ಮೇಲಿನದಕ್ಕೆ ಆಸರೆ ಎಂದು ಪತ್ರಿಕೆಗಳು ಬರೆದವು. ಸೆನ್ಸೇ ಪ್ರತಿಯೊಬ್ಬರಿಗೂ "ಇದು ಈ ಕೊಲ್ಲಿಯ ಮಾತು, ಈ ಜಾತಿಯ ಮಾತು, ಪಕ್ಕದ ಕೊಲ್ಲಿಯಲ್ಲಿ ಬೇರೆ ಇರಬಹುದು" ಎಂದು ಹೇಳಿ ಹೇಳಿ ಸುಸ್ತಾದರು. ಅದನ್ನು ಬರೆದುಕೊಂಡವರು ಕಡಿಮೆ. ಬರೆದುಕೊಂಡವರಲ್ಲಿ ಖಂಡಿತ ಇರದಿದ್ದವರು ಉಫುಗುಚಿಯನ್ನು ಮಣ್ಣು ತುಂಬಿಸಿ ದೊಡ್ಡ ಬಂದರು ಕಟ್ಟಹೊರಟವರು. ಯೋಜನೆಯ ಪರಿಸರ ಸಮಿತಿಗೆ ಅಧ್ಯಕ್ಷರಾಗಿದ್ದವರು ನಮ್ಮ ಕೇಂದ್ರದ ಅಂದಿನ ಹಿರಿಯರೂ ಈ ಸಂಪುಟಕ್ಕೆ ಮುನ್ನುಡಿ ಬರೆದವರೂ ಆದ ಮಾನ್ಯ ಮಕಿಶಿ ಸೆಯ್ತೊಕು ಅವರು. ದಡದ ಹವಳ ಅರ್ಧ ಹೂತುಹೋದರೂ ಚಿಂತೆಯಿಲ್ಲ, ಆಳದ ಹವಳ ಬಂದು ಉಳಿದರ್ಧವನ್ನು ತುಂಬಿಕೊಡುತ್ತದೆ ಎಂಬುದು ಅವರ ಸಮಿತಿಯ ಮಾತು. ಆಧಾರ, ಕಾಬಿರಾ ಅವರ ಲೇಖನ.

ಇನ್ನು ಬರೆಯುವುದನ್ನು ನಾನು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಎಲ್ಲೂ ಹೇಳಿಲ್ಲ. ಹೇಳಬೇಡಿ ಎಂದವರು ಸೆನ್ಸೇ. ಈಗ ಹೇಳು ಎಂದವರು ಯಾರೆಂಬುದು ಮುಂದೆ ಬರುತ್ತದೆ.

ಆ ವರ್ಷದ ದೋಣಿ ಪಂದ್ಯದ ದಿನ ನಮ್ಮ ಊರಿನ ದೋಣಿ ಕೊನೆಯದಾಗಿ ಬಂದಿತ್ತು. ಆದ್ದರಿಂದ ಸಂಜೆಯ ಊಟ ಜೋರಾಗಿತ್ತು. ಸಂಘದ ಚಪ್ಪರದ ಕೆಳಗೆ ಕರಿದ ಮೀನು, ಅವಮೊರಿ ಸಾರಾಯಿ, ಹಾಡು. ಕೊಟೊಕು ಅಜ್ಜ ತಾನೇ ಎದ್ದು ಬಂದು ಸೆನ್ಸೇಯವರ ಬಟ್ಟಲಿಗೆ ಸುರಿದ.

"ಸೆನ್ಸೇ, ನೀವು ಅಮೆರಿಕದ ಪತ್ರಿಕೇಲಿ ಬರೆದ್ರಲ್ಲ ಆ ಹವಳ, ಅದ್ರಲ್ಲಿ ಒಂದನ್ನ ಕಟ್ಟಿದ್ದು ನನ್ನ ಮೊಮ್ಮಗಳು!"

"ಕಟ್ಟಿದ್ದು ಅಂದ್ರೆ, ಅಜ್ಜ?"

"ಕಟ್ಟಿದ್ದು ಅಂದ್ರೆ ಕಟ್ಟಿದ್ದು. ಎಲ್ಲಾ ಸತ್ತೋಯ್ತಲ್ಲ, ಅದರ ಮುಂದಿನ ವರ್ಷ ಹಮಾಉರಿ ದಿನ. ಹೆಂಗಸರೆಲ್ಲ ದಡಕ್ಕಿಳಿದು ಕಾಲು ತೊಳ್ಕೋಬೇಕಲ್ಲ, ಬರೀ ಕಲ್ಲಿನ ಮೇಲೆ ಏನು ತೊಳ್ಕೊಳ್ಳೋದು ಅಂತ ಮೊಮ್ಮಗಳು ಅತ್ತಳು. ಶಾಲೆ ಮೇಷ್ಟ್ರು, ತಾಯಂದಿರು, ಮಕ್ಕಳು, ಎಲ್ಲಾ ಸೇರಿ ಒಂದೊಂದು ಕಡ್ಡಿ ಕಟ್ಟಿದ್ವಿ. ನಮ್ಮೋಳ ಕೈಗುಣ ನೋಡಿ, ಹೆಂಗೆ ಹತ್ತಿಕೊಂಡಿದೆ!"

ಅಜ್ಜನ ಹೆಂಡತಿ ಉಶಿ ಅಜ್ಜಿ ಪಕ್ಕದಿಂದ, "ಬಾಯಿ ಮುಚ್ಚಿ, ಕುಡಿದ್ರೆ ಸಾಕು ಊರ ಗುಟ್ಟೆಲ್ಲಾ ಇವರದ್ದೇ ಬಾಯಲ್ಲಿ" ಎಂದು ಗಂಡನ ತೊಡೆಗೆ ಹೊಡೆದಳು. ಎಲ್ಲರೂ ನಕ್ಕರು. ಸೆನ್ಸೇ ಬಟ್ಟಲು ಕೆಳಗಿಟ್ಟರು.

"ಕಡ್ಡಿ ಎಲ್ಲಿಂದ ತಂದಿದ್ರಿ, ಅಜ್ಜ?"

"ಇನ್ನೆಲ್ಲಿಂದ? ಮೇಲೆ ಏನಿತ್ತು ಬದುಕಿರೋದು? ಕೆಳಗಿಂದ. ನೀವು ಮುಳುಗ್ತೀರಲ್ಲ, ಅದೇ ಇಳಿಜಾರಿಂದ."

ಹಾಡು ನಡೆಯುತ್ತಲೇ ಇತ್ತು. ಮೇಲಿನದೂ ಕೆಳಗಿನದೂ ಒಂದೇ ಮನೆತನ ಎಂದು ಬಂದದ್ದರಲ್ಲಿ ಆಶ್ಚರ್ಯವೇನಿದೆ? ಕೆಳಗಿನದನ್ನೇ ಮುರಿದು ಮೇಲೆ ಕಟ್ಟಿದ್ದರು. ತಾವಾಗಿ ಏರಿ ಬಂದ ಮರಿಗಳಲ್ಲ ಅವು, ಮೀನುಗಾರರ ಬುಟ್ಟಿಯಲ್ಲಿ ಬಂದ ಕಡ್ಡಿಗಳು. ಕೊಟೊಕು ಅಜ್ಜ ಅತಿಥಿಗೆ ಒಳ್ಳೆಯದನ್ನೇ ತೋರಿಸಿದ್ದ. ಒಳ್ಳೆಯದೆಲ್ಲ ಅವರೇ ನೆಟ್ಟದ್ದು. ಇಷ್ಟು ವರ್ಷ ಹೇಳದಿದ್ದುದೇಕೆಂದರೆ, ಅನುಮತಿಯಿಲ್ಲದೆ ಹವಳ ಕೀಳುವುದು ನಮ್ಮಲ್ಲಿ ಅಪರಾಧ. ಊರಿಗೆ ಊರೇ ಅದರಲ್ಲಿ ಭಾಗಿ; ಕೇಂದ್ರದ ದೋಣಿಯವನೆಂದು ನನಗೂ ಯಾರೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಕೊಲ್ಲಿಗೆ ಹೋದೆವು. ಅಂದು ಅವರು ವಾಂತಿ ಮಾಡಿಕೊಳ್ಳಲಿಲ್ಲ. ಅಂಥ ದಿನ ನನಗೆ ಅದೊಂದೇ ನೆನಪು. ಒಂದು ಹವಳದ ಬುಡವನ್ನು ಒಡೆದರು. ಕಲ್ಲಾದ ಬುಡದೊಳಗೆ ಬಾಳೆನಾರಿನ ದಾರದ ತುಂಡು ಹುದುಗಿತ್ತು. ಉಶಿ ಅಜ್ಜಿ ನೂಲುತ್ತಿದ್ದ ದಾರ. ದೋಣಿಯಲ್ಲಿ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಪಕ್ಕಾ ಅವಳಿಗಳು ಅಷ್ಟೊಂದು ಸಿಕ್ಕಾಗಲೇ ಕೇಳಬೇಕಿತ್ತು. ಮರಿಗಳು ಹಾಗಿರಲ್ಲ, ಒಂದೇ ಹವಳ ಮುರಿದ ತುಂಡುಗಳು ಮಾತ್ರ ಹಾಗಿರೋದು. ಬೇಕಾದ ಉತ್ತರ ಸಿಕ್ತು ಅಂತ ಕೇಳ್ಲಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣ, ಲೇಖನ ವಾಪಸ್ ತಗೋಬೇಕು. ನಿಮ್ಮ ಹೆಸರು ಒಂದೇ ಕಡೆ ಇರೋದು. ಅದನ್ನ ಮೊದಲೇ ತೆಗೆಸಿಬಿಡಲಾ?" ಎಂದು ಕೇಳಿದರು.

"ಇರಲಿ ಬಿಡಿ," ಎಂದೆ. "ಕರೆದುಕೊಂಡು ಹೋದವನೂ ನಾನೇ ಅಲ್ವಾ, ಕರೆದುಕೊಂಡು ಬರೋವಾಗಲೂ ಇರ್ತೀನಿ."

ಹೊಸದಾಗಿ ಕೆಲಸ ಹಿಡಿದರು. ಊರವರು ಎಂದೂ ಮುಟ್ಟದ ಆಚೆ ಬದಿಯ ಬಂಡೆಗಳಲ್ಲಿ, ಬೇಸಿಗೆಯನ್ನು ಹೇಗೋ ತಡೆದುಕೊಂಡು ಉಳಿದ ಕಾಡುಹವಳ ಸ್ವಲ್ಪ ಇತ್ತು. ಅದನ್ನು ಆಳದ್ದರ ಪಕ್ಕ ಇಟ್ಟು ನೋಡಿದರೆ ಒಂದೇ ಮುಖ, ಬೇರೆ ಮನೆತನ. ತಲೆಮಾರುಗಳಿಂದ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಅಪರೂಪಕ್ಕೆ ಮೇಲಿನ ಮರಿಯೊಂದು ಕೆಳಗೆ ಬಿದ್ದು ಬದುಕಿದ ಗುರುತಿತ್ತು. ಕೆಳಗಿನದು ಮೇಲೇರಿದ ಗುರುತು ಒಂದೂ ಸಿಗಲಿಲ್ಲ. ಎಂದರೆ, ಮೇಲಿನದನ್ನು ಹೂತರೆ ಅದು ಹೋಯಿತು. ತುಂಬಿಕೊಡಲು ಯಾರೂ ಬರುವುದಿಲ್ಲ.

ಇದನ್ನು ಹಿಡಿದುಕೊಂಡು ಅವರು ಸಮಿತಿಯ ಮುಂದೆ ನಿಂತ ದಿನ ನಾನು ಹಿಂದಿನ ಬೆಂಚಿನಲ್ಲಿ, ಒಡೆದ ಹವಳದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನನ್ನ ಲೇಖನ ತಪ್ಪು, ನಾನೇ ಹಿಂತೆಗೆದುಕೊಳ್ಳುತ್ತಿದ್ದೇನೆ, ಅದರ ಮೇಲೆ ಯಾವ ನಿರ್ಧಾರವನ್ನೂ ನಿಲ್ಲಿಸಬೇಡಿ ಎಂದು ಅವರು ಹೇಳಿ ಮುಗಿಸಿದಾಗ ಮಕಿಶಿ ಅವರು ಕನ್ನಡಕ ಒರೆಸಿಕೊಂಡರು.

"ಮೇಲಿನ ಹವಳ ಯಾರೋ ನೆಟ್ಟಿದ್ದು ಅಂತೀರಿ. ಯಾರು?"

"ಅದನ್ನ ಹೇಳಕ್ಕಾಗಲ್ಲ."

"ಯಾವಾಗ?"

"ಅದನ್ನೂ ಹೇಳಕ್ಕಾಗಲ್ಲ. ದಾರ ಇದೆ, ನೋಡಿ."

"ಒಂದು ತುಂಡು ದಾರ ತೋರಿಸಿ ಬಂದರು ನಿಲ್ಲಿಸಿ ಅಂತೀರಾ, ಕಾಬಿರಾ ಅವರೇ?" ಸಭೆ ನಕ್ಕಿತು. ಅವರು ಮೃದುವಾಗಿಯೇ ಮುಂದುವರಿಸಿದರು: "ವಿಜ್ಞಾನ ದಿನಾ ಮಾತು ಬದಲಾಯಿಸ್ಬಹುದು. ಸಮಿತಿ ಬದಲಾಯಿಸಕ್ಕಾಗಲ್ಲ. ನಿಮ್ಮ ಮೊದಲನೇ ಮಾತೇ ನಮಗೆ ಸಾಕು."

ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಅದರ ಹಿಂದಿನ ವಾರ ನಾವಿಬ್ಬರೂ ಕೊಟೊಕು ಅಜ್ಜನ ಮನೆಗೆ ಹೋಗಿ ಬಂದಿದ್ದೆವು. ಅಜ್ಜ ಕುಡಿದಿರಲಿಲ್ಲ, ಅದಕ್ಕೇ ಮುಖ ನೋಡಲಾಗದಂತಿತ್ತು. "ಸೆನ್ಸೇ, ನನ್ನೊಬ್ಬನ್ನ ಹಿಡ್ಕೊಂಡು ಹೋಗಲಿ, ಬೇಡ ಅನ್ನಲ್ಲ. ಆದ್ರೆ ಮೇಷ್ಟ್ರ ಕೆಲಸ ಹೋಗುತ್ತೆ. ಆ ತಾಯಂದಿರನ್ನ ಠಾಣೆಗೆ ಕರೀತಾರೆ. ನೀರಲ್ಲಿ ನಿಂತು ದಾರ ಕಟ್ಟಿದ ಮಕ್ಕಳಿಗೆ, ನೀವು ಮಾಡಿದ್ದು ಕಳ್ಳತನ ಅಂತ ಹೇಗೆ ಹೇಳಲಿ?" ಸೆನ್ಸೇ, "ಹೇಳಬೇಡಿ, ಅಜ್ಜ. ತಪ್ಪು ಹವಳ ಆರಿಸ್ಕೊಂಡಿದ್ದು ನಾನು," ಎಂದು ಎದ್ದು ಬಂದಿದ್ದರು. ಆ ಮಾತಿಗೇ ಅವರು ಸಭೆಯಲ್ಲಿ ನಿಂತದ್ದು. ಅಜ್ಜ ಬರುತ್ತಾನೇನೋ ಎಂದು ನಾನು ಬಾಗಿಲ ಕಡೆ ನೋಡುತ್ತಲೇ ಇದ್ದೆ. ಅವರು ಒಮ್ಮೆಯೂ ಹಿಂದೆ ತಿರುಗಲಿಲ್ಲ.

ಕೊಲ್ಲಿಯನ್ನು ತುಂಬಿದರು. ಮುಳ್ಳುಹವಳದ ಕಾಡುಬಂಡೆಗಳೂ ಹೋದವು, ಉಶಿ ಅಜ್ಜಿಯ ದಾರದ ಹವಳಗಳೂ ಹೋದವು. ಬಂದರಿಗೆ ಬರಬೇಕಿದ್ದ ದೊಡ್ಡ ಹಡಗುಗಳು ಎರಡು ಬೇಸಿಗೆ ಬಂದು ಆಮೇಲೆ ಬೇರೆ ದ್ವೀಪ ಹಿಡಿದವು. ಈಗ ಆ ಸಿಮೆಂಟಿನ ಮೇಲೆ ಮೀನುಗಾರರು ಬಲೆ ಒಣಹಾಕುತ್ತಾರೆ. ಒಣಹಾಕಲು ಇಷ್ಟು ವಿಶಾಲವಾದ ಜಾಗ ನಮ್ಮ ಕರಾವಳಿಯಲ್ಲಿ ಮತ್ತೊಂದಿಲ್ಲ; ಬಲೆಗೆ ಬೀಳುವುದು ಮಾತ್ರ ಕಡಿಮೆ. ಸೆನ್ಸೇಯವರಿಗೆ ಯೋಜನೆಗಳು ಬರುವುದು ನಿಂತಿತು, ವಿದ್ಯಾರ್ಥಿಗಳು ಬರುವುದು ನಿಂತಿತು. ತನ್ನ ಲೇಖನವನ್ನು ತಾನೇ ಹಿಂತೆಗೆದುಕೊಂಡವರ ಹತ್ತಿರ ಕಲಿಯಲು ಯಾರಿಗೆ ಧೈರ್ಯ? ಅವರ ಎರಡನೆಯ ಮಾತು ಸರಿಯೆಂದು ಬೇರೆ ದೇಶದವರು ಬೇರೆ ಕೊಲ್ಲಿಗಳಲ್ಲಿ ಕಂಡುಕೊಂಡಾಗ ನಮ್ಮ ಕೇಂದ್ರದಲ್ಲಿ ಅದನ್ನು ಗಮನಿಸಿದವರಿಲ್ಲ. ಈ ಸಂಪುಟದ ಮುನ್ನುಡಿಯಲ್ಲೂ ಮಾನ್ಯ ಮಕಿಶಿ ಅವರು "ಆಳದ ಹವಳವೇ ಆಸರೆ ಎಂದು ಜಗತ್ತಿಗೆ ತೋರಿಸಿಕೊಟ್ಟ ಅಮರ ಸಂಶೋಧನೆ" ಎಂದು ಆ ಮೊದಲ ಲೇಖನವನ್ನೇ ಕೊಂಡಾಡಿದ್ದಾರೆ. ಗೌರವದಿಂದ ನೆನಪಿಸುತ್ತೇನೆ: ಆ ಲೇಖನ ಇಲ್ಲ, ಸ್ವಾಮಿ. ಅದನ್ನು ಬರೆದವರೇ ಅಳಿಸಿದ್ದಾರೆ. ಅಳಿಸಿದ್ದೇ ಅವರ ದೊಡ್ಡ ಕೆಲಸ. ಹಿಂತೆಗೆದುಕೊಂಡ ಆ ಪ್ರಕಟಣೆಯಲ್ಲೂ ಕೊನೆಯ ಹೆಸರು ನನ್ನದೇ ಇದೆ, ಬೇಕಾದರೆ ನೋಡಿಕೊಳ್ಳಿ.

ಕೊಟೊಕು ಅಜ್ಜ ಮೂರು ವರ್ಷದ ಕೆಳಗೆ ತೀರಿಕೊಂಡ. ಮೇಷ್ಟ್ರು ನಿವೃತ್ತರಾದರು. ಈ ಲೇಖನ ಬರೆಯಲು ಕೇಳಿದಾಗ ನಾನು ಮೊದಲು ಹೋದದ್ದು ಉಶಿ ಅಜ್ಜಿಯ ಹತ್ತಿರ. ಅಂಗಳದಲ್ಲಿ ಬಾಳೆನಾರು ಸೀಳುತ್ತ ಕೂತಿದ್ದಳು.

"ಬರಿ," ಎಂದಳು. "ಎಲ್ಲಾ ಬರಿ. ಈಗ ಯಾರನ್ನ ಹಿಡೀತಾರೆ? ನನ್ನನ್ನಾ? ತೊಂಬತ್ತು ದಾಟಿದೆ ನಂಗೆ, ಜೈಲಲ್ಲಿ ಮೂರು ಹೊತ್ತು ಊಟ ಹಾಕ್ತಾರಂತೆ, ಮಗ ಹಾಕಲ್ಲ." ಕೈಯ ನಾರನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ ಹೇಳಿದಳು: "ಆವತ್ತು ಸಭೆಗೆ ಹೋಗ್ತೀನಿ ಅಂತ ಚಪ್ಪಲಿ ಹಾಕ್ಕೊಂಡಿದ್ರು ನಮ್ಮೋರು. ಬಾಗಿಲಲ್ಲಿ ಅಡ್ಡ ನಿಂತೋಳು ನಾನು. ಅದನ್ನೂ ಬರಿ."

ಬರೆದಿದ್ದೇನೆ. ಬಿಡುವುದೂ ಮುದ್ರಿಸುವುದೂ ಸಂಪಾದಕರಿಗೆ ಸೇರಿದ್ದು. ಸೆನ್ಸೇಯವರಿಗೆ ಮೊದಲೇ ಓದಿ ಹೇಳಿದೆ. ಅಜ್ಜಿಯ ಮಾತು ಬಂದಾಗ ಮಾತ್ರ ಕೈ ಎತ್ತಿ ನಿಲ್ಲಿಸಿ, ಇನ್ನೊಮ್ಮೆ ಓದಿಸಿದರು. "ಚಪ್ಪಲಿ ಹಾಕ್ಕೊಂಡಿದ್ರಂತಾ?" ಎಂದು ಕೇಳಿದರು. ಹೌದೆಂದೆ.

ನಿವೃತ್ತಿಯಾದರೂ ಅವರ ಕೆಲಸ ನಿಂತಿಲ್ಲ. ಪ್ರತಿ ಬೇಸಿಗೆಯೂ ಆಳದ ಮುಳ್ಳುಹವಳ ಮರಿ ಬಿಡುವ ದಿನಗಳಲ್ಲಿ ಬಂದರಿನ ಗೋಡೆಯಾಚೆ, ಉಳಿದ ಚೂರು ಮೇಲುನೀರಿನಲ್ಲಿ, ಅವರು ಸುಟ್ಟ ಮಣ್ಣಿನ ಹೆಂಚುಗಳನ್ನು ಇಳಿಬಿಡುತ್ತಾರೆ. ಮರಿ ಬಂದು ಕೂರಲೆಂದು. ಶರತ್ಕಾಲದಲ್ಲಿ ಎತ್ತಿ ನೋಡುತ್ತಾರೆ. ದೋಣಿ ನನ್ನದೇ, ಬಕೆಟ್ಟೂ ನನ್ನದೇ. ಬೇರೆ ಜಾತಿಯವು ಒಂದೆರಡು ಕೂತಿರುತ್ತವೆ. ಆಳದ ಮನೆಯದು ಈವರೆಗೆ ಬಂದಿಲ್ಲ. "ಬರಲ್ಲ ಅಂತ ನೀವೇ ತೋರಿಸಿದ್ದೀರಲ್ಲ, ಮತ್ಯಾಕೆ ಹೆಂಚು?" ಎಂದು ಕಳೆದ ವರ್ಷ ಕೇಳಿದೆ.

"ಒಂದ್ಸಲ ತಪ್ಪಿದ್ದೀನಿ, ಅಣ್ಣ," ಎಂದರು. "ಇನ್ನೊಂದ್ಸಲ ತಪ್ಪಬಾರದಾ?"

ಇಂಥ ಲೇಖನದ ಕೊನೆಗೆ ದೀರ್ಘಾಯುಷ್ಯ ಹಾರೈಸಬೇಕು, ಮನಸಾರೆ ಹಾರೈಸುತ್ತೇನೆ. ಕಾಬಿರಾ ಶಿಜುಯೊ ಅವರು ತೊಂಬತ್ತೇಳನೆಯ ವಯಸ್ಸಿನ ಹಬ್ಬವನ್ನು ಕಾಣಲಿ. ಆ ವಯಸ್ಸಿನವರ ಕೈಗೆ ಗಾಳಿಗೆ ತಿರುಗುವ ಗಿರಗಿಟ್ಲೆ ಕೊಟ್ಟು ಊರೆಲ್ಲ ಮೆರೆಸುತ್ತೇವಲ್ಲ, ಅವರನ್ನು ಕಾರಿನಲ್ಲಿ ಮೆರೆಸುವುದು ಬೇಡ, ದೋಣಿಯಲ್ಲಿ ಕೂರಿಸಿ ಗೋಡೆಯಾಚೆ ಕರೆದೊಯ್ಯಲಿ. ನಾನಷ್ಟು ಹೊತ್ತಿಗೆ ಹೆಂಡತಿಯ ಪಕ್ಕ ಸಮಾಧಿಯೊಳಗೆ ಬೇಯದ ಮಾಂಸಕ್ಕೆ ಕಾಯುತ್ತಿರುತ್ತೇನೆ. ಬಕೆಟ್ಟನ್ನು ಬೇರೆ ಯಾರಾದರೂ ಹಿಡಿಯಲಿ. ಅಂದು ಎತ್ತಿದ ಹೆಂಚಿನ ಮೇಲೆ ಯಾರೂ ಮುರಿದು ತಾರದ, ಯಾರೂ ದಾರ ಕಟ್ಟದ, ಆಳದಿಂದ ತಾನಾಗಿಯೇ ಏರಿ ಬಂದ ಒಂದೇ ಒಂದು ಮರಿ ಕೂತಿರಲಿ. ಜನ್ಮವೆಲ್ಲ ತೆತ್ತು ಹೇಳಿದ ಅವರ ಎರಡನೆಯ ಮಾತೂ ಸುಳ್ಳಾಗಲಿ. ಅದನ್ನು ಕಣ್ಣಾರೆ ಕಾಣುವಷ್ಟು ಆಯುಸ್ಸು ಅವರಿಗಿರಲಿ.